ಕಲ್ಲುಹೂವಿನ ಕಷಾಯ ಕುದಿಸುವ ಮೊದಲು ಹಸನು ಮಾಡಿ

ಉರಿಮೂತ್ರಕ್ಕೆ ಕಲ್ಲುಹೂವಿನ ಕಷಾಯ ಒಳ್ಳೇದು ಅಂತ ಯಾರೋ ಹೇಳುತ್ತಾರೆ. ಸರಿ, ಗ್ರಂಧಿಗೆ ಅಂಗಡಿಯಿಂದ ಪೊಟ್ಟಣ ತಂದು ಹಾಗೇ ಪಾತ್ರೆಗೆ ಸುರಿದು ಕುದಿಸಿಬಿಡುತ್ತಾರೆ. ಕೊನೆಗೆ ಲೋಟದ ತಳದಲ್ಲಿ ಮರಳು, ಗಂಟಲಲ್ಲಿ ಕೆರೆತ.

ಬಿಸಿಬೇಳೆಬಾತ್ ಪುಡಿಗೆ ಹಾಕುತ್ತೀವಲ್ಲ, ಅದೇ ಕಲ್ಲುಹೂವು. ಆಯುರ್ವೇದದಲ್ಲಿ ಶೈಲೇಯ ಅನ್ನುತ್ತಾರೆ, ಮಹಾನಾರಾಯಣ ತೈಲಕ್ಕೂ ಬೀಳುತ್ತದೆ. ಶಿಲೀಂಧ್ರವೂ ಪಾಚಿಯೂ ಒಂದಾಗಿ ಬಂಡೆ, ಮರದ ತೊಗಟೆ ಮೇಲೆ ಬೆಳೆಯುವ ಜೀವ ಇದು. ಬೇರಿಲ್ಲ, ಬೇಕಾದ್ದನ್ನೆಲ್ಲ ಮಳೆ ಗಾಳಿಯಿಂದಲೇ ಹೀರುತ್ತದೆ, ಗಾಳಿಯಲ್ಲಿರುವ ಸೀಸವನ್ನೂ ಸೇರಿಸಿ. ಹಾಗಾಗಿ ರಸ್ತೆ ಬದಿಯ ಮರದಿಂದ ಕೆರೆದು ತರಲೇಬೇಡಿ. ತೋಟದಲ್ಲಿದ್ದರೂ ಬಿಟ್ಟುಬಿಡಿ, ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ ಅದು.

ಕೊಳ್ಳುವಾಗ ಇಡಿಯಾಗಿರುವುದನ್ನೇ ಕೊಳ್ಳಿ. ಮೇಲ್ಭಾಗ ಬೂದು, ಕೆಳಭಾಗ ಕಪ್ಪು, ಅಂಚು ನೆರಿಗೆ ನೆರಿಗೆಯಾಗಿರಬೇಕು. ಕವಲೊಡೆದ ಸಣ್ಣ ಪಟ್ಟಿಗಳು, ದಾರದಂಥ ಎಳೆಗಳು ಕಂಡರೆ ಬೇರೆ ಜಾತಿಯವು ಬೆರೆತಿವೆ ಅಂತ ಅರ್ಥ, ಆರಿಸಿ ತೆಗೆಯಿರಿ. ಪುಡಿ ಮಾಡಿ ಮಾರುವುದನ್ನು ಮುಟ್ಟಬೇಡಿ, ಅದರಲ್ಲಿ ತೊಗಟೆ ಎಷ್ಟು, ಧೂಳೆಷ್ಟು ಅಂತ ಗೊತ್ತೇ ಆಗುವುದಿಲ್ಲ.

ಈಗ ಹಸನು ಮಾಡುವುದು. ತಂದ ಕೂಡಲೇ ನಲ್ಲಿ ಕೆಳಗೆ ಹಿಡಿಯುತ್ತಾರೆ ನೋಡಿ, ಕೆಡುವುದೇ ಅಲ್ಲಿ. ಒದ್ದೆಯಾದ ತಕ್ಷಣ ಅದು ತೊಗಲಿನಂತೆ ಮೆತ್ತಗಾಗಿ ಮುದುಡುತ್ತದೆ, ಮಣ್ಣು ಮಡಿಕೆಯೊಳಗೇ ಸಿಕ್ಕಿಬೀಳುತ್ತದೆ. ಮೊದಲು ಒಣಗಿದ್ದಾಗಲೇ ಬಿಳಿ ಕಾಗದದ ಮೇಲೆ ಹರಡಿ. ಒಂದೊಂದೇ ಚೂರನ್ನು ತಿರುಗಿಸಿ, ಕಪ್ಪು ಭಾಗಕ್ಕೆ ಅಂಟಿದ ತೊಗಟೆಯನ್ನು ಉಗುರಿನಿಂದ ಎಬ್ಬಿಸಿ. ಜಾಸ್ತಿ ಅಂಟಿದ್ದರೆ ಆ ತುಂಡನ್ನೇ ಕತ್ತರಿಸಿ ಎಸೆಯಿರಿ, ಜಿಪುಣತನ ಬೇಡ. ಆಮೇಲೆ ಜರಡಿಗೆ ಹಾಕಿ ಅಂಗೈಯಲ್ಲಿ ಮೆಲ್ಲಗೆ ಉಜ್ಜಿ, ಕಾಗದದ ಮೇಲೆ ಉದುರುವ ಮಣ್ಣು ನೋಡಿದರೆ ನಿಮಗೇ ಗಾಬರಿಯಾಗುತ್ತದೆ. ಉದುರುವುದು ನಿಂತ ಮೇಲಷ್ಟೇ ಅಗಲವಾದ ಪಾತ್ರೆಯ ನೀರಿಗೆ ಹಾಕಿ ಅಲುಗಾಡಿಸಿ, ಕೈಯಿಂದ ಮೇಲೆತ್ತಿಕೊಳ್ಳಿ. ನೀರನ್ನು ಬಗ್ಗಿಸಬೇಡಿ, ಬಗ್ಗಿಸಿದರೆ ತಳದ ಮರಳೆಲ್ಲ ವಾಪಸ್ ಅದರ ಮೇಲೇ ಬೀಳುತ್ತದೆ. ನೀರು ತಿಳಿಯಾಗುವವರೆಗೆ ಹೀಗೇ ಮಾಡಿ, ನೆರಳಲ್ಲಿ ಬಟ್ಟೆ ಮೇಲೆ ಒಣಗಿಸಿ.

ಕಷಾಯ ಸುಲಭ. ಸುಮಾರು 1 ಗ್ರಾಂ ಕಲ್ಲುಹೂವು, ಅರ್ಧ ಚಮಚ ಜೀರಿಗೆ, ಎರಡು ಲೋಟ ನೀರು, ಒಂದು ಲೋಟಕ್ಕೆ ಇಳಿಸಿ. ಟೀ ಜಾಲರಿ ಸಾಲದು, ತೆಳು ಬಟ್ಟೆಯಲ್ಲೇ ಸೋಸಿ.

ಕಿಡ್ನಿ ಕಲ್ಲಿಗೂ ಇದನ್ನು ಹಿಂದಿನಿಂದ ಕೊಡುತ್ತಾ ಬಂದಿದ್ದಾರೆ, ಆದರೆ ನೋವಿದ್ದರೆ, ಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ ಕಷಾಯ ನಂಬಿ ಕೂರಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಬಸುರಿಯರಿಗೆ, ಮಕ್ಕಳಿಗೆ ಬೇಡವೇ ಬೇಡ. ಇದರ ಸಾರ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ ನಿಜ, ಹಾಗಂತ ರೋಗ ವಾಸಿಯಾಗುತ್ತದೆ ಅಂತಲ್ಲ. ಇನ್ನು ಇದರ ನೆಂಟ, ಗಡ್ಡದಂತೆ ಜೋತುಬೀಳುವ ಅಸ್ನಿಯಾ. ಅದರಲ್ಲಿರುವ ಅಸ್ನಿಕ್ ಆಮ್ಲ ಸೇರಿಸಿದ ತೂಕ ಇಳಿಸುವ ಮಾತ್ರೆ ನುಂಗಿ ಅಮೆರಿಕದಲ್ಲಿ ಜನರ ಲಿವರ್ ಕೆಟ್ಟಿತ್ತು, 2001ರಲ್ಲಿ ಅಲ್ಲಿನ ಆಹಾರ, ಔಷಧಗಳ ಮೇಲೆ ಕಣ್ಣಿಡುವ ಸರಕಾರಿ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಆನ್‌ಲೈನಿನಲ್ಲಿ ಅಂಥ ಕ್ಯಾಪ್ಸೂಲ್ ಕಂಡರೆ ಸುಮ್ನೆ ಮುಂದೆ ಹೋಗಿ.

ಉಳಿದ ಕಲ್ಲುಹೂವನ್ನು ಪೂರ್ತಿ ಒಣಗಿದ ಮೇಲೆ ಗಾಜಿನ ಭರಣಿಗೆ ಹಾಕಿ. ಸ್ವಲ್ಪ ತೇವ ಉಳಿದರೂ ಬೂಷ್ಟು ಹಿಡಿಯುತ್ತದೆ, ಬೂಷ್ಟು ಬಂದದ್ದನ್ನು ಸಾರಿಗೂ ಹಾಕಬೇಡಿ.