ಕಾವು ಕೊಟ್ಟು ಕುಡಿ ಬಿಡಿಸಿ: ಟಿಶ್ಯೂ ಕಲ್ಚರ್ ಗಿಡದಿಂದ ವೈರಸ್ ತೆಗೆಯುವ ಬಗೆ

ಟಿಶ್ಯೂ ಕಲ್ಚರ್ ಅಂದರೆ ಗಿಡದ ಚಿಕ್ಕ ತುಂಡನ್ನು ಬಾಟಲಿಯೊಳಗೆ ಬೆಳೆಸುವುದು. ಹೀಗೆ ಬಾಟಲಿಯೊಳಗೆ ಹಸಿರಾಗಿ ನಳನಳಿಸುವ ಗಿಡಕ್ಕೆ ರೋಗವೇ ಇಲ್ಲ ಅಂದುಕೊಳ್ಳಬೇಡಿ. ತುಂಡನ್ನು ಬ್ಲೀಚ್‌ನಲ್ಲಿ ತೊಳೆದರೆ ಹೋಗುವುದು ಹೊರಮೈಯ ಬ್ಯಾಕ್ಟೀರಿಯಾ, ಬೂಷ್ಟು ಮಾತ್ರ. ಜೀವಕೋಶದೊಳಗಿನ ವೈರಸ್ ಅಲ್ಲೇ ಇರುತ್ತದೆ. ಆ ಗಿಡದಿಂದ ಸಾವಿರ ಸಸಿ ಮಾಡಿದರೆ ಸಾವಿರಕ್ಕೂ ಹರಡುತ್ತದೆ. ಅದನ್ನು ತೆಗೆಯಲು ಗಿಡಕ್ಕೆ ಬಿಸಿ ಕೊಟ್ಟು, ಆಮೇಲೆ ಕುಡಿಯ ತುದಿಯನ್ನಷ್ಟೇ ಕತ್ತರಿಸಿ ಬೆಳೆಸುತ್ತಾರೆ.

ಮೊದಲು ಯಾವ ವೈರಸ್ ಇದೆ ಎಂದು ಎಲೈಸಾ ಅಥವಾ ಪಿಸಿಆರ್ ಎಂಬ ಲ್ಯಾಬ್ ಪರೀಕ್ಷೆ ಮಾಡಿಸಿ ತಿಳಿದುಕೊಳ್ಳಿ. ಆಲೂಗಡ್ಡೆಯ ಎಲೆ ಸುರುಳಿ ವೈರಸ್ ಬಿಸಿಗೆ ಸುಲಭವಾಗಿ ಬಗ್ಗುತ್ತದೆ. ಅದೇ ಬೆಳೆಯ ಎಕ್ಸ್, ಎಸ್ ವೈರಸ್‌ಗಳು ಮೊಂಡು. ವೈರಾಯ್ಡ್ (ವೈರಸ್‌ಗಿಂತಲೂ ಚಿಕ್ಕ ರೋಗಕಾರಕ) ಇದ್ದರಂತೂ ಈ ದಾರಿ ಬೇಡ. ಬಿಸಿಯಲ್ಲಿ ಅದು ಇನ್ನೂ ಜಾಸ್ತಿಯಾಗುತ್ತದೆ.

ಗೆಣ್ಣಿನ ತುಂಡುಗಳನ್ನು ಹೊಸ ಮಾಧ್ಯಮಕ್ಕೆ (ಬಾಟಲಿಯಲ್ಲಿ ಗಿಡಕ್ಕೆ ಆಹಾರ ಕೊಡುವ ಮಿಶ್ರಣ) ಹಾಕಿ, ಒಂದೆರಡು ವಾರ ಮಾಮೂಲಿ ತಾಪದಲ್ಲಿ ಚೇತರಿಸಿಕೊಳ್ಳಲು ಬಿಡಿ. ಆಮೇಲೆ ದಿನಕ್ಕೆ ಒಂದೆರಡು ಡಿಗ್ರಿಯಂತೆ ಏರಿಸುತ್ತಾ 35ರಿಂದ 38 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ದಿನಕ್ಕೆ 16 ಗಂಟೆ ಬೆಳಕು ಕೊಟ್ಟು ಸಾಮಾನ್ಯವಾಗಿ 4ರಿಂದ 6 ವಾರ ಇಡುತ್ತಾರೆ. ದೀಪದ ಕೆಳಗೆ ಬಾಟಲಿಯ ಒಳಗಿನ ಬಿಸಿ ಚೇಂಬರ್‌ನ ಬಿಸಿಗಿಂತ ಹೆಚ್ಚಿರುತ್ತದೆ. ಹಾಗಾಗಿ ಒಂದು ಖಾಲಿ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟು ನೋಡಿ. ಎಲೆ ಬಿಳಿಚಿ ಗಿಡ ಸೊರಗಿದರೆ ರಾತ್ರಿ ಹೊತ್ತು ತಾಪ ಇಳಿಸಿ.

ಬರೀ ಬಿಸಿಯೇ ವೈರಸ್ಸನ್ನು ಪೂರ್ತಿ ಕೊಲ್ಲುವುದು ಅಪರೂಪ. ಈ ತಾಪದಲ್ಲಿ ವೈರಸ್ ಮರಿ ಮಾಡುವುದು ನಿಧಾನವಾಗುತ್ತದೆ, ಗಿಡದ ಸ್ವಂತ ರಕ್ಷಣೆ ಚುರುಕಾಗುತ್ತದೆ. ಕುಡಿ ಮುಂದೆ ಬೆಳೆಯುತ್ತದೆ, ವೈರಸ್ ಹಿಂದೆ ಉಳಿಯುತ್ತದೆ. ಆ ಕುಡಿಯೇ ನಮಗೆ ಬೇಕಾದದ್ದು.

ಇನ್ನು ಕೈಚಳಕದ ಕೆಲಸ. ಲ್ಯಾಮಿನಾರ್ ಫ್ಲೋ (ಸೋಸಿದ ಶುದ್ಧ ಗಾಳಿ ಬೀಸುವ ಪೆಟ್ಟಿಗೆ) ಒಳಗೆ, ಮೈಕ್ರೋಸ್ಕೋಪ್ ಕೆಳಗೆ, ಎಳೆ ಎಲೆಗಳನ್ನು ಸೂಜಿಯಿಂದ ಒಂದೊಂದಾಗಿ ಬಿಡಿಸಿ. ಕೊನೆಗೆ ಕುಡಿಯ ತುತ್ತತುದಿಯಲ್ಲಿ ನೀರಹನಿಯಂತೆ ಹೊಳೆಯುವ ಪುಟ್ಟ ಗುಮ್ಮಟ ಕಾಣುತ್ತದೆ. ಒಂದೆರಡು ಎಲೆಮೊಳಕೆ ಸಮೇತ 0.2ರಿಂದ 0.5 ಮಿಲಿಮೀಟರ್‌ನಷ್ಟು ಕತ್ತರಿಸಿ, ತಡಮಾಡದೆ ಮಾಧ್ಯಮದ ಮೇಲಿಡಿ. ದೀಪದ ಕಾವಿಗೆ ಅದು ಬೇಗ ಒಣಗುತ್ತದೆ. ಚಿಕ್ಕದಾದಷ್ಟೂ ವೈರಸ್ ಇಲ್ಲದಿರುವ ಸಾಧ್ಯತೆ ಜಾಸ್ತಿ, ಬದುಕುವ ಸಾಧ್ಯತೆ ಕಡಿಮೆ. ಪ್ರತಿ ಕುಡಿಗೂ ಹೊಸ ಬ್ಲೇಡ್, ಬೇರೆ ನಂಬರ್ ಇರಲಿ.

ಪರೀಕ್ಷೆಗೆ ಅವಸರ ಬೇಡ. ಬಿಸಿಯಿಂದ ಹೊರಬಂದ ಹೊಸತರಲ್ಲಿ ವೈರಸ್ ತೀರಾ ಕಡಿಮೆಯಿದ್ದು ಪರೀಕ್ಷೆಗೆ ಸಿಗದೇ ಹೋಗಬಹುದು. ಗಿಡ ಚೆನ್ನಾಗಿ ಬೆಳೆದ ಮೇಲೊಮ್ಮೆ, ಮಣ್ಣಿಗೆ ಹಾಕಿದ ಮೇಲೆ ಮತ್ತೊಮ್ಮೆ ಮಾಡಿಸಿ. ಒಂದು ಸಲ ವೈರಸ್ ಕಂಡರೂ ಆ ನಂಬರಿನ ಗಿಡಗಳನ್ನೆಲ್ಲ ತೆಗೆದುಹಾಕಿ. ಪಾಸಾದವನ್ನು ಕೀಟ ನುಸುಳದ ಬಲೆಮನೆಯಲ್ಲೇ ಬೆಳೆಸಿ. ಹೊರಗಿಟ್ಟರೆ ಗಿಡಹೇನು ವೈರಸ್ಸನ್ನು ಮತ್ತೆ ಹೊತ್ತು ತರುತ್ತದೆ.