ಚಂದಾದಾರರ ಪಟ್ಟಿಯನ್ನು ಪಿನ್ ಕೋಡ್ ಹಿಡಿದು ತಿದ್ದಿದ ಅನುಭವ

ಮಾಸಪತ್ರಿಕೆಯೊಂದರ ರವಾನೆಯ ಹೊಣೆ ನನಗೆ ಬಂದಾಗ ಚಂದಾದಾರರ ಪಟ್ಟಿ ಹೆಸರುಗಳ ಅಕಾರಾದಿಯಲ್ಲಿತ್ತು. ನೋಡಲು ಚೆನ್ನ, ಅಂಚೆಗೆ ನಿಷ್ಪ್ರಯೋಜಕ. ಪತ್ರಿಕೆ ಸರಿಯಾದ ಬೀದಿಗೆ ತಲುಪಿದ ಮೇಲಷ್ಟೇ ಹೆಸರು ಕೆಲಸಕ್ಕೆ ಬರುತ್ತದೆ; ಅಲ್ಲಿಯವರೆಗೆ ಅದನ್ನು ಕರೆದೊಯ್ಯುವುದು ಆರು ಅಂಕಿಗಳು. ಆದ್ದರಿಂದ ಪಟ್ಟಿಯನ್ನು ಪಿನ್ ಕೋಡ್ ಕ್ರಮಕ್ಕೆ ತಿರುಗಿಸಿ ತಿದ್ದಲು ಕುಳಿತೆ.

ಮೊದಲ ಹಂತ ಬರೀ ಕಸ ಗುಡಿಸುವುದು. ಕೆಲವರು ಕನ್ನಡ ಅಂಕಿಗಳಲ್ಲಿ ೫೭೦೦೦೧ ಎಂದು ಬರೆದಿದ್ದರು, ಹಲವರು ಮೂರು ಅಂಕಿಗಳ ನಂತರ ಜಾಗ ಬಿಟ್ಟಿದ್ದರು. ಕಾಗದದ ಮೇಲೆ ಎರಡೂ ಸರಿ. ಕಂಪ್ಯೂಟರ್ ಮಾತ್ರ ಇವನ್ನು ಬೇರೆ ಬೇರೆ ಊರುಗಳೆಂದು ತಿಳಿಯುತ್ತದೆ. ಹಿರಿಯ ಚಂದಾದಾರರು ‘ಬೆಂಗಳೂರು-4’ ಎಂದಷ್ಟೇ ಬರೆಯುತ್ತಿದ್ದರು. ಅವರನ್ನು ಕೇಳುವ ಅಗತ್ಯವೇ ಬೀಳಲಿಲ್ಲ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬರುವ ಮುನ್ನ ನಗರದೊಳಗೆ ಇದ್ದ ಅಂಚೆ ವಲಯ ಸಂಖ್ಯೆ ಅದು. ಬಸವನಗುಡಿಯ 4 ಈಗ 560004ರ ಬಾಲದಲ್ಲಿದೆ, ಮಲ್ಲೇಶ್ವರದ 3 ಈಗ 560003ರಲ್ಲಿ.

ಪದ್ಧತಿಯನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಹೆಚ್ಚುವರಿ ಕಾರ್ಯದರ್ಶಿಯಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಹೌದು. ಇಷ್ಟು ಕಡಿಮೆಯಲ್ಲಿ ಇಷ್ಟೊಂದು ಹೇಳುವ ಕಲೆ ಅಲ್ಲಿಂದಲೇ ಬಂದಿರಬೇಕು ಎಂದು ನನಗೆ ಅನಿಸುತ್ತದೆ. ಮೊದಲ ಅಂಕಿ ದೇಶದ ವಲಯ: 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ, 6 ಎಂದರೆ ತಮಿಳುನಾಡು, ಕೇರಳ. ಎರಡನೆಯದು ಸೇರಿದರೆ ರಾಜ್ಯದ ಮಟ್ಟಕ್ಕೆ ಬರುತ್ತೇವೆ. ಕರ್ನಾಟಕಕ್ಕೆ 56ರಿಂದ 59. ಮೂರನೆಯದು ಸೇರಿದರೆ ಅಂಚೆ ವಿಂಗಡಣೆಯ ಜಿಲ್ಲೆ. ಕೊನೆಯ ಮೂರು ಅಂಕಿಗಳು ಬಟವಾಡೆ ಮಾಡುವ ಕಚೇರಿ.

ಇದನ್ನೇ ಜರಡಿ ಮಾಡಿಕೊಂಡೆ. ಶಿವಮೊಗ್ಗದ ವಿಳಾಸದ ಕೆಳಗೆ 557201 ಎಂದಿದ್ದರೆ ಅದು 577201 ಆಗಿರಬೇಕು, ಏಕೆಂದರೆ 55 ಯಾವ ರಾಜ್ಯಕ್ಕೂ ಸೇರಿದ್ದಲ್ಲ. ಸಾಗರ ಎಂಬ ಊರಿನ ಮುಂದೆ 577401 ಇದ್ದರೆ ಮಲೆನಾಡು, 470 ಎಂದು ಶುರುವಾದರೆ ಮಧ್ಯಪ್ರದೇಶ. ಆದರೆ ಜರಡಿಯಲ್ಲಿ ನುಸುಳುವ ತಪ್ಪುಗಳೂ ಇವೆ. ಮಂಡ್ಯದ 571 ಅದಲುಬದಲಾಗಿ 517 ಆದರೆ ಅದು ಚಿತ್ತೂರಿನ ಕಡೆಯ, ಯಾವ ದೋಷವೂ ಕಾಣದ ಸಂಖ್ಯೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ನ ಕೊನೆಯ ಅಂಕಿ ಉಳಿದವು ಸರಿಯೇ ಎಂದು ತಾಳೆ ನೋಡುತ್ತದೆ. ಪಿನ್ ಕೋಡ್‌ನಲ್ಲಿ ಅಂಥ ಕಾವಲುಗಾರನಿಲ್ಲ, ಆರಕ್ಕೆ ಆರೂ ದಾರಿ ಹೇಳುವುದರಲ್ಲೇ ಖರ್ಚಾಗಿವೆ. ಹಾಗಾಗಿ ಸಂಖ್ಯೆಯನ್ನು ಒಂಟಿಯಾಗಿ ನೋಡದೆ ಊರು, ಜಿಲ್ಲೆಗಳ ಜೊತೆಯಲ್ಲಿಟ್ಟೇ ಪರೀಕ್ಷಿಸಬೇಕಾಯಿತು.

ಅಲ್ಲಿಯೇ ನಿಜವಾದ ತೊಡಕು ಶುರುವಾದದ್ದು. 577 ಎಂಬ ಒಂದೇ ಗುಂಪಿನಲ್ಲಿ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ, ಚಿಕ್ಕಮಗಳೂರು ನಾಲ್ಕೂ ಇವೆ. ದಾವಣಗೆರೆ 577001, ಚಿಕ್ಕಮಗಳೂರು 577101, ಶಿವಮೊಗ್ಗ 577201, ಚಿತ್ರದುರ್ಗ 577501. ನಾಲ್ಕನೆಯ ಅಂಕಿಯೇ ಜಿಲ್ಲೆ ಹೇಳಿಬಿಡುತ್ತದಲ್ಲ ಎಂದುಕೊಳ್ಳುವಷ್ಟರಲ್ಲಿ ಚನ್ನಗಿರಿಯ 577213, ಹೊನ್ನಾಳಿಯ 577217 ಎದುರಾಗುತ್ತವೆ. ಎರಡೂ ದಾವಣಗೆರೆ ಜಿಲ್ಲೆಯ ಊರುಗಳು, ಸಂಖ್ಯೆ ಮಾತ್ರ ಶಿವಮೊಗ್ಗದ ಸಾಲಿನದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕುಗಳು ಶಿವಮೊಗ್ಗದಿಂದ ಆಚೆ ಹೋದವು. ಪಿನ್ ಕೋಡ್ ಇದ್ದಲ್ಲೇ ಇತ್ತು. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಯೂ 577228. ದೂರದ ಉದಾಹರಣೆ ಬೇಕಿದ್ದರೆ ಮಾಹೆ ನೋಡಿ: ಆಡಳಿತ ಪುದುಚೇರಿಯದು, ಪಿನ್ ಕೋಡ್ ಕೇರಳದ 673310. ಅಂಚೆಚೀಲ ಹೋಗುವ ದಾರಿಗೂ ಕಂದಾಯ ಇಲಾಖೆಯ ನಕ್ಷೆಗೂ ಸಂಬಂಧ ಇರಲೇಬೇಕೆಂದಿಲ್ಲ. ಇದು ತಿಳಿದ ಮೇಲೆ ಪತ್ರಿಕೆಯ ಕಟ್ಟುಗಳನ್ನು ಜಿಲ್ಲೆಯ ಹೆಸರಿನಲ್ಲಿ ಕಟ್ಟುವುದನ್ನು ಬಿಟ್ಟೆ. ಮೇಲಿನ ಚೀಟಿಯಲ್ಲಿ ಮೊದಲ ಮೂರು ಅಂಕಿ ಮಾತ್ರ. ಪ್ರತಿಗಳು ಹೆಚ್ಚಿದ್ದ ಕಡೆ ಆರೂ ಅಂಕಿ.

ಹಳ್ಳಿಗಳದ್ದು ಇನ್ನೊಂದು ಕಥೆ. ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿದ್ದರೂ ಪಿನ್ ಕೋಡ್‌ಗಳು ಸುಮಾರು 19 ಸಾವಿರ. ಹಳ್ಳಿಯ ಶಾಖಾ ಅಂಚೆ ಕಚೇರಿಗೆ ಸಾಮಾನ್ಯವಾಗಿ ಸ್ವಂತ ಸಂಖ್ಯೆ ಇರುವುದಿಲ್ಲ, ತನ್ನ ಮೇಲಿನ ಉಪ ಅಂಚೆ ಕಚೇರಿಯದ್ದನ್ನೇ ಹಂಚಿಕೊಳ್ಳುತ್ತದೆ. ಒಂದೇ ಸಂಖ್ಯೆಯ ಕೆಳಗೆ ಎಷ್ಟೋ ಊರುಗಳಿರುವಾಗ ‘ಹೊಸಹಳ್ಳಿ’ ಎಂದು ಬರೆದು ಆರು ಅಂಕಿ ಸೇರಿಸಿದರೆ ಪತ್ರಿಕೆ ಉಪಕಚೇರಿಯವರೆಗೆ ಹೋಗುತ್ತದೆ, ಮುಂದಿನದು ಅಂಚೆಯಣ್ಣನ ನೆನಪಿನ ಶಕ್ತಿಗೆ ಬಿಟ್ಟದ್ದು. ಆದ್ದರಿಂದ ಗ್ರಾಮದ ಪಕ್ಕದಲ್ಲಿ ‘ಅಂಚೆ’ ಎಂಬ ಬೇರೆ ಕಾಲಂ ಮಾಡಿ, ಶಾಖಾ ಕಚೇರಿ ಯಾವುದೆಂದು ಗೊತ್ತಿಲ್ಲದ ಕಡೆಯೆಲ್ಲ ಚಂದಾದಾರರಿಗೆ ಫೋನ್ ಮಾಡಿ ತುಂಬಿಸಿದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಈ ಒಂದು ಕಾಲಂ.

9ರಿಂದ ಶುರುವಾಗುವವು ಸೇನಾ ಅಂಚೆಯವು. ‘56 ಎಪಿಒ’ ಅಥವಾ ‘99 ಎಪಿಒ’ (ಎಪಿಒ ಎಂದರೆ ಸೇನಾ ಅಂಚೆ ಕಚೇರಿ) ಎಂದಿರುವ ಆ ವಿಳಾಸಗಳಲ್ಲಿ ಊರಿನ ಹೆಸರು ಇರುವುದಿಲ್ಲ, ಇರಲೂಬಾರದು. ಅವಕ್ಕೆ ನನ್ನ ಜರಡಿಯಿಂದ ವಿನಾಯಿತಿ ಕೊಟ್ಟು, ಯೋಧರು ಬರೆದು ಕಳಿಸಿದ್ದನ್ನು ಅಕ್ಷರ ಬದಲಿಸದೆ ಮುದ್ರಿಸುತ್ತೇನೆ.

2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ತಂದಿದೆ: ಸುಮಾರು ನಾಲ್ಕು ಮೀಟರ್ ಚದರದ ಪ್ರತಿ ತುಂಡು ನೆಲಕ್ಕೂ ಹತ್ತು ಅಕ್ಷರ, ಅಂಕಿಗಳ ಒಂದು ಸಂಕೇತ. ಜಾಗ ಹುಡುಕಲು ಅನುಕೂಲವೇ. ಆದರೆ ಅದು ಮನೆ ಎಲ್ಲಿದೆ ಎಂದು ಹೇಳುತ್ತದೆ, ಕಟ್ಟನ್ನು ಯಾವ ಚೀಲಕ್ಕೆ ಹಾಕಬೇಕೆಂದು ಹೇಳುವುದಿಲ್ಲ. ನನ್ನ ಪಟ್ಟಿಯಲ್ಲಿ ಅದಕ್ಕಿನ್ನೂ ಕಾಲಂ ಮಾಡಿಲ್ಲ.