ಫೋನಲ್ಲಿ ಯಾರೂ ಅರೆಸ್ಟ್ ಮಾಡಲ್ಲ: ಮನೆಯ ಹಿರಿಯರಿಗೆ ಇವತ್ತೇ ಹೇಳಿಕೊಡಿ

ಕಳೆದ ವರ್ಷ ಒಂದು ಮಧ್ಯಾಹ್ನ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅವರು ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದರು. ತಟ್ಟಿದರೆ "ಈಗ ಬರಬೇಡ, ಹೋಗು" ಅಂದರು. ಯಾವತ್ತೂ ಹಾಗೆ ಅಂದವರಲ್ಲ. ಬಾಗಿಲು ತಳ್ಳಿ ನೋಡಿದರೆ ನೀರಿನ ಚೊಂಬಿಗೆ ಫೋನ್ ಒರಗಿಸಿಟ್ಟಿದ್ದಾರೆ, ಅದರಲ್ಲಿ ಖಾಕಿ ಹಾಕಿಕೊಂಡ ಒಬ್ಬ ಕೂತಿದ್ದಾನೆ, ಇವರ ಮಡಿಲಲ್ಲಿ ಎಫ್‌ಡಿ ಬಾಂಡು, ಕೈ ನಡುಗುತ್ತಿದೆ. ನಾನೇ ಕಾಲ್ ಕಟ್ ಮಾಡಿದೆ.

ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡಿ, ನಿಮ್ಮನ್ನು ಅರೆಸ್ಟ್ ಮಾಡಿದ್ದೀವಿ ಅಂತ ಹೆದರಿಸಿ ದುಡ್ಡು ಕೀಳೋ ಇದಕ್ಕೇ ಡಿಜಿಟಲ್ ಅರೆಸ್ಟ್ ಅನ್ನೋದು. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ಮನ್ ಕೀ ಬಾತ್‌ನಲ್ಲಿ ಇದನ್ನು ಹೇಳಿದ್ದರು. ಆದರೂ ಓದಿದವರು, ದೊಡ್ಡ ಕೆಲಸದಲ್ಲಿದ್ದು ರಿಟೈರ್ ಆದವರು ಸಿಕ್ಕಿಬೀಳುತ್ತಲೇ ಇದ್ದಾರೆ.

ಕಾಲ್ ಶುರುವಾಗೋದು ಹೆಚ್ಚುಕಮ್ಮಿ ಒಂದೇ ಥರ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಇಲ್ಲಾಂದ್ರೆ ನಿಮ್ಮ ಆಧಾರ್ ಕೊಟ್ಟು ಯಾರೋ ಸಿಮ್ ತಗೊಂಡಿದ್ದಾರೆ ಅಂತಾರೆ. ಆಮೇಲೆ "ಮುಂಬೈ ಪೊಲೀಸ್", "ಸಿಬಿಐ" ಅಂತ ಇನ್ನೊಬ್ಬನಿಗೆ ಲೈನ್ ಕೊಡುತ್ತಾರೆ. ವಾಟ್ಸಾಪ್ ವಿಡಿಯೋ ಕಾಲ್, ಹಿಂದೆ ಸ್ಟೇಷನ್ನಿನಂಥ ಗೋಡೆ, ಸೀಲು ಹಾಕಿದ ಕೋರ್ಟ್ ಆರ್ಡರ್. ಇವೆಲ್ಲ ನೋಡಿ ಹೆದರುವುದು ಸಹಜ. ಆದರೆ ಎರಡು ಮಾತು ಕಿವಿಗೆ ಬಿದ್ದ ತಕ್ಷಣ ಮೋಸ ಅಂತ ಖಚಿತ ಮಾಡಿಕೊಳ್ಳಿ: "ಮನೆಯವರಿಗೆ ಹೇಳಬೇಡಿ, ಕ್ಯಾಮೆರಾ ಆಫ್ ಮಾಡಬೇಡಿ" ಅನ್ನೋದು ಒಂದು. "ವೆರಿಫಿಕೇಶನ್‌ಗೆ ದುಡ್ಡು ಈ ಖಾತೆಗೆ ಹಾಕಿ, ವಾಪಸ್ ಬರುತ್ತೆ" ಅನ್ನೋದು ಇನ್ನೊಂದು. ಬ್ಯಾಂಕಿನವರು ಕೇಳಿದರೆ ಮನೆ ಕೊಳ್ಳೋಕೆ ಅಂತ ಹೇಳಿ ಅಂತಲೂ ಕಲಿಸಿಕೊಟ್ಟಿರುತ್ತಾರೆ. ಯಾವ ನಿಜವಾದ ಪೊಲೀಸಿನವರು ಹಾಗೆ ಸುಳ್ಳು ಹೇಳಿಸುತ್ತಾರೆ?

ಆಗ ಮಾಡಬೇಕಾದ್ದು ಒಂದೇ, ಕಾಲ್ ಕಟ್ ಮಾಡೋದು. ವಾದ ಬೇಡ, ಸಮಜಾಯಿಷಿ ಬೇಡ. ಅವರ ಬಂಡವಾಳವೇ ನಿಮ್ಮನ್ನು ಲೈನ್‌ನಲ್ಲಿ ಹಿಡಿದಿಟ್ಟುಕೊಳ್ಳೋದು, ಯಾಕಂದ್ರೆ ಮನೆಯ ಇನ್ನೊಬ್ಬರ ಜೊತೆ ಎರಡು ನಿಮಿಷ ಮಾತಾಡಿದರೂ ಆ ಭಯ ಅರ್ಧ ಇಳಿದುಬಿಡುತ್ತೆ. ಅನುಮಾನ ಉಳಿದರೆ ಹತ್ತಿರದ ಸ್ಟೇಷನ್‌ಗೆ ನಡೆದು ಹೋಗಿ ಕೇಳಿ.

ದುಡ್ಡು ಹೋಗೇಬಿಟ್ಟಿದ್ದರೆ ಅಳುತ್ತಾ ಕೂರಬೇಡಿ, ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳ್ಳರು ಹಣವನ್ನು ಬಾಡಿಗೆ ಖಾತೆಗಳಿಗೆ ಒಂದರಿಂದ ಒಂದಕ್ಕೆ ದಾಟಿಸುತ್ತಾ ಹೋಗುತ್ತಾರೆ. ನಡುವೆ ಎಲ್ಲಾದರೂ ಅದನ್ನು ತಡೆದು ನಿಲ್ಲಿಸಬೇಕು ಅಂದ್ರೆ ಒಂದೊಂದು ನಿಮಿಷವೂ ಲೆಕ್ಕ. ಖಾತೆ ನಂಬರ್, ಹೋದ ಮೊತ್ತ, ಸಮಯ, ಮೆಸೇಜಿನಲ್ಲಿರುವ ಯುಟಿಆರ್ ನಂಬರ್ (ಆ ಹಣ ವರ್ಗಾವಣೆಯ ಗುರುತಿನ ಸಂಖ್ಯೆ) ಕೈಯಲ್ಲಿ ಇಟ್ಟುಕೊಳ್ಳಿ. ಬ್ಯಾಂಕಿಗೂ ತಿಳಿಸಿ. ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ನಾಚಿಕೆ ಅಂತ ಚಾಟ್ ಡಿಲೀಟ್ ಮಾಡಬೇಡಿ, ಅದೇ ಸಾಕ್ಷಿ.

ಇನ್ನೊಂದು ಕಾಟ ಎಪಿಕೆ ಫೈಲ್, ಅಂದ್ರೆ ಫೋನಿಗೆ ಆ್ಯಪ್ ಹಾಕೋ ಫೈಲ್. ಟ್ರಾಫಿಕ್ ದಂಡ, ಮದುವೆ ಕರೆಯೋಲೆ ಅಂತ ವಾಟ್ಸಾಪ್‌ಗೆ ಬರುತ್ತೆ. ಪರಿಚಯದವರ ನಂಬರಿನಿಂದ ಬಂದರೂ ಮುಟ್ಟಬೇಡಿ, ಅವರ ಫೋನೂ ಕಳ್ಳರ ಕೈಗೆ ಸಿಕ್ಕಿರಬಹುದು. ಗೊತ್ತಿಲ್ಲದೆ ಇನ್‌ಸ್ಟಾಲ್ ಮಾಡಿ ಪರ್ಮಿಶನ್ ಕೊಟ್ಟರೆ ಒಟಿಪಿ ಅವರಿಗೆ ಹೋಗುತ್ತೆ. ಹಾಗಾದರೆ ಮೊದಲು ಏರೋಪ್ಲೇನ್ ಮೋಡ್ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ಬ್ಲಾಕ್ ಮಾಡಿಸಿ. ಯುಪಿಐ ಪಿನ್ ವಿಷಯದಲ್ಲೂ ಹುಷಾರು, ಅದು ದುಡ್ಡು ಕಳಿಸೋಕೆ ಬೇಕು, ಪಡೆಯೋಕೆ ಬೇಡ.

ಮನೆಯಲ್ಲಿ ಇದನ್ನೆಲ್ಲ ಹೇಳುವಾಗ ದಯವಿಟ್ಟು ಬೈಯಬೇಡಿ. ಅವತ್ತು ದೊಡ್ಡಮ್ಮನಿಗೆ ಬೆಳಗ್ಗೆಯೇ ಆ ಕಾಲ್ ಬಂದಿತ್ತಂತೆ. ಯಾಕೆ ನನಗೆ ಹೇಳಲಿಲ್ಲ ಅಂತ ಕೇಳಿದೆ. "ಬೈತೀಯೇನೋ ಅಂತ ಭಯ ಆಯ್ತು ಕಣೋ" ಅಂದರು. ಈಗ ಗೊತ್ತಿಲ್ಲದ ನಂಬರಿನಿಂದ ಏನೇ ಬಂದರೂ ಮೊದಲು ನನಗೆ ಫೋನ್ ಮಾಡುತ್ತಾರೆ. ಆಫೀಸಿನಲ್ಲಿ ಎಷ್ಟೇ ಕೆಲಸ ಇದ್ದರೂ ನಾನು ಅದನ್ನು ಎತ್ತುತ್ತೇನೆ.